ಕಾರ್ಮಿಕ ಸಂಬಂಧ ಸಲಹಾ ಕ್ಷೇತ್ರದಲ್ಲಿ ಜೆ-1 ತರಬೇತಿ: ಸ್ಪಾನ್ಸರ್ ಸಿಗುವ ದಾರಿ

ವಿನಿಮಯ ಕಾರ್ಯಕ್ರಮದಡಿ ಅಮೆರಿಕಕ್ಕೆ ಹೋಗಿ ತರಬೇತಿ ಪಡೆಯುವವರಿಗೆ ಕೊಡುವ ಜೆ-1 ವೀಸಾದ ಬೆನ್ನು ಹತ್ತಿದವರಲ್ಲಿ ಹೆಚ್ಚಿನವರು ಎಡವುವುದು ಮೊದಲ ಪ್ರಶ್ನೆಯಲ್ಲೇ. 'ನನಗೆ ವೀಸಾ ಸ್ಪಾನ್ಸರ್ ಮಾಡುತ್ತೀರಾ?' ಎಂದು ಅಮೆರಿಕದ ಸಲಹಾ ಸಂಸ್ಥೆಗಳಿಗೆ ಒಂದರ ಮೇಲೊಂದು ಪತ್ರ ಹಾಕುತ್ತಾರೆ. ನೌಕರಿಗೆಂದು ಕೊಡುವ ಎಚ್-1ಬಿ ವೀಸಾ ಆಗಿದ್ದರೆ ಆ ಪ್ರಶ್ನೆ ಸರಿ. ಜೆ-1ರಲ್ಲಿ ಕೆಲಸ ಕಲಿಸುವ ಕಂಪನಿಯೇ ಬೇರೆ, ಸ್ಪಾನ್ಸರೇ ಬೇರೆ. ಪತ್ರ ಓದಿದ ಕಂಪನಿಯವರು ಎಚ್-1ಬಿಯ ಲಾಟರಿ, ವಕೀಲರ ಖರ್ಚು ನೆನೆದು 'ಸಾಧ್ಯವಿಲ್ಲ' ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅವರು ಬೇಡವೆಂದದ್ದು ನಿಮ್ಮನ್ನಲ್ಲ, ನೀವು ಕೇಳದೇ ಇದ್ದ ಇನ್ನೊಂದು ವೀಸಾವನ್ನು.

ಈ ವ್ಯವಸ್ಥೆಯಲ್ಲಿ ಮೂರು ಪಾತ್ರಗಳಿವೆ. ಒಂದು ನೀವು. ಎರಡನೆಯದು ನಿಮಗೆ ಕೆಲಸ ಕಲಿಸುವ ಹೋಸ್ಟ್ ಕಂಪನಿ. ಮೂರನೆಯದು ಅಮೆರಿಕದ ವಿದೇಶಾಂಗ ಇಲಾಖೆ ಅಧಿಕೃತವಾಗಿ ನೇಮಿಸಿರುವ ಸ್ಪಾನ್ಸರ್ ಸಂಸ್ಥೆ. ಕಲ್ಚರಲ್ ವಿಸ್ಟಾಸ್, ಇಂಟರ್‌ಎಕ್ಸ್‌ಚೇಂಜ್, ಸಿಐಇಇ, ಇಂಟ್ರಾಕ್ಸ್ ಇವೆಲ್ಲ ಇಂಥ ಸಂಸ್ಥೆಗಳು. ವೀಸಾಕ್ಕೆ ಬೇಕಾದ ಡಿಎಸ್-2019 ಎಂಬ ಪತ್ರವನ್ನು ಕೊಡುವ ಅಧಿಕಾರ ಇರುವುದು ಸ್ಪಾನ್ಸರ್‌ಗೆ ಮಾತ್ರ. ಹೋಸ್ಟ್ ಕಂಪನಿ ವಲಸೆ ಇಲಾಖೆಗೆ ಅರ್ಜಿ ಹಾಕಬೇಕಿಲ್ಲ, ವಕೀಲರನ್ನು ಇಟ್ಟುಕೊಳ್ಳಬೇಕಿಲ್ಲ, ಲಾಟರಿಯಂತೂ ಇಲ್ಲವೇ ಇಲ್ಲ. ಅವರಿಂದ ಬೇಕಾದದ್ದು ಒಂದು ಒಳ್ಳೆಯ ತರಬೇತಿ ಯೋಜನೆ ಮತ್ತು ಅದರ ಮೇಲೊಂದು ಸಹಿ. ಹಾಗಾಗಿ ಮೊದಲು ಹೋಸ್ಟ್, ಆಮೇಲೆ ಯೋಜನೆ, ಕೊನೆಗೆ ಸ್ಪಾನ್ಸರ್. ಈ ಅನುಕ್ರಮ ತಲೆಕೆಳಗಾದರೆ ತಿಂಗಳುಗಳು ವ್ಯರ್ಥವಾಗುತ್ತವೆ.

ನೀವು ಇಂಟರ್ನ್ ಆಗುತ್ತೀರೋ ಟ್ರೈನಿ ಆಗುತ್ತೀರೋ

ಇದನ್ನು ಆರಿಸಿಕೊಳ್ಳುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ನಿಮ್ಮ ದಾಖಲೆಗಳೇ ನಿರ್ಧರಿಸುತ್ತವೆ.

ಅಮೆರಿಕದ ಹೊರಗಿನ ಕಾಲೇಜಿನಲ್ಲಿ ಈಗ ಓದುತ್ತಿದ್ದರೆ, ಅಥವಾ ಪದವಿ ಮುಗಿಸಿ 12 ತಿಂಗಳು ಮೀರಿರದಿದ್ದರೆ ಇಂಟರ್ನ್. ಗರಿಷ್ಠ ಅವಧಿ 12 ತಿಂಗಳು. ಈ 12 ತಿಂಗಳ ಗಡುವನ್ನು ಅರ್ಜಿ ಹಾಕಿದ ದಿನಕ್ಕೆ ಲೆಕ್ಕ ಹಾಕುವುದಿಲ್ಲ, ಕಾರ್ಯಕ್ರಮ ಶುರುವಾಗುವ ದಿನಕ್ಕೆ ಹಾಕುತ್ತಾರೆ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲೋ ಮಂಗಳೂರಿನ ರೋಶನಿ ನಿಲಯದಲ್ಲೋ ಎಂಎಸ್‌ಡಬ್ಲ್ಯು ಮುಗಿಸಿದವರು ಘಟಿಕೋತ್ಸವದ ಪ್ರಮಾಣಪತ್ರಕ್ಕಾಗಿ ಕಾಯುತ್ತಾ ಕುಳಿತರೆ ಅಷ್ಟರಲ್ಲಿ ಅರ್ಧ ಗಡುವು ಕರಗಿರುತ್ತದೆ. ಪ್ರಾವಿಷನಲ್ ಸರ್ಟಿಫಿಕೇಟ್ ಮತ್ತು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಕೈಗೆ ಬಂದ ತಕ್ಷಣ ಕೆಲಸ ಶುರುಮಾಡಿ. ನಿಮ್ಮ ಪದವಿ ಮುಗಿದ ದಿನ ಎಂದು ಯಾವುದನ್ನು ಪರಿಗಣಿಸುತ್ತೀರಿ ಎಂದು ಸ್ಪಾನ್ಸರ್ ಬಳಿ ಬರಹದಲ್ಲೇ ಕೇಳಿಕೊಳ್ಳಿ.

ಪದವಿಯ ಜತೆ ಅಮೆರಿಕದ ಹೊರಗೆ ಅದೇ ಕ್ಷೇತ್ರದಲ್ಲಿ ಕನಿಷ್ಠ 1 ವರ್ಷ ಕೆಲಸ ಮಾಡಿದ್ದರೆ ಟ್ರೈನಿ. ಪದವಿ ಇಲ್ಲದಿದ್ದರೆ 5 ವರ್ಷದ ಅನುಭವ ಬೇಕು. ಗರಿಷ್ಠ ಅವಧಿ 18 ತಿಂಗಳು. ಪದವಿಯೂ ಅಮೆರಿಕದ ಹೊರಗಿನದ್ದೇ ಆಗಿರಬೇಕು. ಅಲ್ಲಿನ ವಿಶ್ವವಿದ್ಯಾಲಯದ ಎಂಎಸ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಮಾಡಿದ ಕೆಲಸವೂ ಬರುವುದಿಲ್ಲ.

ಅನುಭವವನ್ನು ಅವರ ಭಾಷೆಗೆ ತರುವುದು

ನಮ್ಮಲ್ಲಿ ಇಂಡಸ್ಟ್ರಿಯಲ್ ರಿಲೇಶನ್ಸ್, ಚಿಕ್ಕದಾಗಿ ಐಆರ್ ಎನ್ನುವುದನ್ನು ಅಮೆರಿಕದಲ್ಲಿ ಲೇಬರ್ ರಿಲೇಶನ್ಸ್ ಎನ್ನುತ್ತಾರೆ. ಯೂನಿಯನ್ ಇರುವ ಕಡೆ ಈ ಹೆಸರು. ಯೂನಿಯನ್ ಇಲ್ಲದ ಕಡೆ ಅದೇ ಕೆಲಸಕ್ಕೆ ಎಂಪ್ಲಾಯೀ ರಿಲೇಶನ್ಸ್ ಎನ್ನುವುದು ರೂಢಿ. ಹುಡುಕುವಾಗ ಎರಡನ್ನೂ ಬಳಸಿ.

ರೆಸ್ಯೂಮೆಯಲ್ಲಿ 'ಎಚ್‌ಆರ್ ಎಕ್ಸಿಕ್ಯುಟಿವ್, 3 ವರ್ಷ' ಎಂದಷ್ಟೇ ಬರೆದರೆ ಸ್ಪಾನ್ಸರ್‌ನ ಪರಿಶೀಲಕರು ನಿಮ್ಮನ್ನು ನೇಮಕಾತಿ ವಿಭಾಗದವರೆಂದೇ ತಿಳಿಯುತ್ತಾರೆ. ನೇಮಕಾತಿಯ ಅನುಭವದ ಮೇಲೆ ಕಾರ್ಮಿಕ ಸಂಬಂಧದ ತರಬೇತಿ ಕೇಳಿದರೆ 'ಸಂಬಂಧಪಟ್ಟ ಅನುಭವವಲ್ಲ' ಎಂದು ಅರ್ಜಿ ಹಿಂದಕ್ಕೆ ಬರಬಹುದು. ಬಿಡದಿ, ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ನೀವು ನಿಜವಾಗಿ ಏನು ಮಾಡಿದ್ದೀರಿ ಎಂಬುದನ್ನು ಬಿಡಿಸಿ ಬರೆಯಬೇಕು. ಯೂನಿಯನ್ ಕೊಟ್ಟ ಬೇಡಿಕೆ ಪಟ್ಟಿಗೆ ವೆಚ್ಚದ ಲೆಕ್ಕ ಹಾಕಿದ್ದೀರಾ? ಸಂಧಾನ ಅಧಿಕಾರಿಯ ಮುಂದೆ ಹಾಜರಾಗಿದ್ದೀರಾ? ಚಾರ್ಜ್‌ಶೀಟ್, ಡೊಮೆಸ್ಟಿಕ್ ಎನ್‌ಕ್ವೈರಿಗಳ ಕಡತ ನೋಡಿಕೊಂಡಿದ್ದೀರಾ? 12(3) ಒಪ್ಪಂದ ಎಂದರೆ ಅಮೆರಿಕದವರಿಗೆ ಅರ್ಥವಾಗದು. 'ಸರ್ಕಾರಿ ಸಂಧಾನ ಅಧಿಕಾರಿಯ ಸಮ್ಮುಖದಲ್ಲಿ ಆದ ವೇತನ ಒಪ್ಪಂದ' ಎಂದರೆ ತಟ್ಟನೆ ಅರ್ಥವಾಗುತ್ತದೆ. 18(1) ಆಗಿದ್ದರೆ 'ಆಡಳಿತ ಮತ್ತು ಯೂನಿಯನ್ ನೇರವಾಗಿ ಮಾಡಿಕೊಂಡ ಒಪ್ಪಂದ'. ಇವೆರಡೂ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಲಮುಗಳು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿರುವುದರಿಂದ ಯಾವ ಅನುಭವ ಯಾವ ಕಾನೂನಿನಡಿಯದು ಎಂದು ಒಂದು ಸಾಲು ಸೇರಿಸಿ. ಸಂದರ್ಶನದಲ್ಲಿ ಇದೇ ನಿಮಗೆ ಮಾತಿನ ಬಂಡವಾಳವಾಗುತ್ತದೆ.

ಅನುಭವ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿರಲಿ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂಬುದಿರಬೇಕು. ಕೇವಲ ರಿಲೀವಿಂಗ್ ಲೆಟರ್ ಸಾಲದು.

ಹೋಸ್ಟ್ ಕಂಪನಿಯನ್ನು ಹುಡುಕುವುದು

ಹೆಚ್ಚು ದುಡಿಮೆ ಬೇಡುವ ಭಾಗ ಇದು. ಹುಡುಕಬಹುದಾದ ಕಡೆಗಳು ಹಲವು: ಆಡಳಿತದ ಪರ ಸಲಹೆ ಕೊಡುವ ಸಂಸ್ಥೆಗಳು, ಮಾಲೀಕರ ಸಂಘಗಳು, ಲಿಟ್ಲರ್, ಒಗ್ಲ್‌ಟ್ರೀಯಂಥ ಕಾರ್ಮಿಕ ಕಾನೂನಿನ ವಕೀಲ ಸಂಸ್ಥೆಗಳು, ಯೂನಿಯನ್‌ಗಳ ಸಂಶೋಧನಾ ವಿಭಾಗಗಳು, ಎರಡೂ ಕಡೆಯವರ ನಡುವೆ ಸಂಧಾನ ಮಾಡಿಸುವ ಸಣ್ಣ ಕಚೇರಿಗಳು. ನಮ್ಮ ಎಲ್‌ಎಲ್‌ಬಿ ಇಟ್ಟುಕೊಂಡು ಅಲ್ಲಿ ವಕೀಲಿಕೆ ಮಾಡುವಂತಿಲ್ಲ. ಆದರೆ ತೀರ್ಪುಗಳ ಅಧ್ಯಯನ, ಒಪ್ಪಂದಗಳ ಹೋಲಿಕೆಯಂಥ ಕೆಲಸದಲ್ಲಿ ತರಬೇತಿ ಪಡೆಯಬಹುದು.

ಜಾಬ್ ಸೈಟುಗಳಿಗಿಂತ ಚೆನ್ನಾದ ಒಂದು ಜಾಗವಿದೆ. 1959ರ ಲ್ಯಾಂಡ್ರಮ್-ಗ್ರಿಫಿನ್ ಕಾಯ್ದೆಯ ಪ್ರಕಾರ, ಯೂನಿಯನ್ ಕಟ್ಟಿಕೊಳ್ಳುವ ವಿಷಯದಲ್ಲಿ ಕಾರ್ಮಿಕರ ಮನವೊಲಿಸಲು ಕಂಪನಿಗಳು ಕರೆಸಿಕೊಳ್ಳುವ ಸಲಹೆಗಾರರು ಒಪ್ಪಂದವಾದ 30 ದಿನದೊಳಗೆ ಎಲ್‌ಎಂ-20 ಎಂಬ ವರದಿಯನ್ನು ಅಮೆರಿಕದ ಕಾರ್ಮಿಕ ಇಲಾಖೆಗೆ ಸಲ್ಲಿಸಬೇಕು. ಆ ವರದಿಗಳನ್ನು ಇಲಾಖೆಯ ಓಎಲ್‌ಎಂಎಸ್ ವಿಭಾಗ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಸಂಸ್ಥೆಯ ಹೆಸರು, ಊರು, ಯಾವ ಕಂಪನಿಗೆ ಏನು ಕೆಲಸ ಮಾಡಿಕೊಟ್ಟಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಸಲಹಾ ಸಂಸ್ಥೆಗಳ ಇಷ್ಟು ನೇರವಾದ ಪಟ್ಟಿ ಬೇರೆಲ್ಲೂ ಸಿಗುವುದು ಕಷ್ಟ.

ಈ ಪಟ್ಟಿಗೆ ಎರಡು ಉಪಯೋಗವಿದೆ. ವಿಳಾಸ ಸಿಗುವುದು ಒಂದು. ಯಾರ ಹತ್ತಿರ ಹೋಗಬಾರದು ಎಂದು ತಿಳಿಯುವುದು ಇನ್ನೊಂದು, ಮತ್ತು ಅದೇ ಹೆಚ್ಚಿನದು. ಕಾರ್ಮಿಕರ ಸಭೆ ಕರೆದು ಯೂನಿಯನ್ ಬೇಡವೆಂದು ಒಪ್ಪಿಸುವುದೇ ಒಂದು ಸಂಸ್ಥೆಯ ಇಡೀ ವ್ಯಾಪಾರವಾಗಿದ್ದರೆ ಅಲ್ಲಿ ಟ್ರೈನಿಯಾಗಿ ಸೇರುವುದು ಬೇಡ. ಆ ಕೆಲಸಕ್ಕೆ ನಿಮ್ಮನ್ನು ಬಿಟ್ಟರೆ ವರದಿಯಲ್ಲಿ ನಿಮ್ಮ ಹೆಸರೇ ಬರಬಹುದು, ಅದು ಎಲ್ಲರೂ ಓದಬಹುದಾದ ಸರ್ಕಾರಿ ದಾಖಲೆ. ಜೆ-1 ನಿಯಮಗಳಲ್ಲಿ ಕಾರ್ಯಕ್ರಮಕ್ಕೆ ಕೆಟ್ಟ ಹೆಸರು ತರುವಂಥ ಕಡೆ ತರಬೇತಿ ಕೊಡಿಸಬಾರದು ಎಂಬ ಮಾತೂ ಇರುವುದರಿಂದ ಸ್ಪಾನ್ಸರ್‌ಗಳು ಇಲ್ಲಿ ಹಿಂಜರಿಯುವುದು ಸಹಜ. ಆಡಳಿತ ಮತ್ತು ಯೂನಿಯನ್ ನಡುವಿನ ಚೌಕಾಸಿ, ಒಪ್ಪಂದದ ನಿರ್ವಹಣೆ, ದೂರು ಮತ್ತು ಮಧ್ಯಸ್ಥಿಕೆಯ ಕೆಲಸ ಹೆಚ್ಚಿರುವ ಸಂಸ್ಥೆಯನ್ನೇ ಹಿಡಿಯಿರಿ. ಭಾರತಕ್ಕೆ ಮರಳಿದ ಮೇಲೆ ಕೈಗೆ ಬರುವ ವಿದ್ಯೆಯೂ ಅದೇ.

ವಿಶ್ವವಿದ್ಯಾಲಯಗಳ ಮೂಲಕ ಹೋಗುವ ದಾರಿಯೂ ಇದೆ. ಕಾರ್ನೆಲ್‌ನ ಐಎಲ್‌ಆರ್ ಸ್ಕೂಲ್, ರಟ್ಗರ್ಸ್, ಇಲಿನಾಯ್ ವಿಶ್ವವಿದ್ಯಾಲಯಗಳ ಕಾರ್ಮಿಕ ಸಂಬಂಧ ವಿಭಾಗಗಳ ಪ್ರಾಧ್ಯಾಪಕರಿಗೆ ಯಾವ ಸಲಹಾ ಕಚೇರಿ ಹೇಗೆ ಎಂಬುದು ಗೊತ್ತಿರುತ್ತದೆ. ಲೇಬರ್ ಅಂಡ್ ಎಂಪ್ಲಾಯ್‌ಮೆಂಟ್ ರಿಲೇಶನ್ಸ್ ಅಸೋಸಿಯೇಶನ್ ಎಂಬ ಸಂಘದಲ್ಲಿ ಆಡಳಿತ, ಯೂನಿಯನ್, ಮಧ್ಯಸ್ಥಗಾರರು ಮೂವರೂ ಸದಸ್ಯರು. ಅದರ ಸ್ಥಳೀಯ ಶಾಖೆಗಳಿಗೆ ಬರೆದ ಪತ್ರ ಸಾಮಾನ್ಯ ಅರ್ಜಿಗಿಂತ ಹೆಚ್ಚು ಫಲ ಕೊಡುತ್ತದೆ.

ಮೊದಲ ಪತ್ರದಲ್ಲಿ 'ಸ್ಪಾನ್ಸರ್' ಎಂಬ ಪದವನ್ನೇ ಬಳಸಬೇಡಿ. ಹೇಳಬೇಕಾದದ್ದು ಇಷ್ಟು: ನಾನು ಇಂಥವನು ಅಥವಾ ಇಂಥವಳು, ಇಷ್ಟು ವರ್ಷ ಕಾರ್ಖಾನೆಯ ಐಆರ್ ವಿಭಾಗದಲ್ಲಿದ್ದೇನೆ, ನಿಮ್ಮಲ್ಲಿ 12 ತಿಂಗಳ ತರಬೇತಿಗೆ ಬರಬಯಸುತ್ತೇನೆ, ವೀಸಾ ಪತ್ರಗಳನ್ನು ಬೇರೆ ಅಧಿಕೃತ ಸಂಸ್ಥೆ ನೋಡಿಕೊಳ್ಳುತ್ತದೆ, ನೀವು ತರಬೇತಿ ಯೋಜನೆಗೆ ಸಹಿ ಮಾಡಿ ಒಬ್ಬ ಮೇಲ್ವಿಚಾರಕರನ್ನು ಗೊತ್ತುಮಾಡಿದರೆ ಸಾಕು. ಒಂದು ಪುಟ ಮೀರಬಾರದು.

ಅವರು ಆಸಕ್ತಿ ತೋರಿದರೆ ಈ ವಿಷಯಗಳನ್ನು ಆಗಲೇ ಕೇಳಿ ತಿಳಿದುಕೊಳ್ಳಿ. ಕಾರ್ಮಿಕರ ಪರಿಹಾರ ವಿಮೆ ಇದೆಯೇ? ತೆರಿಗೆಯ ಇಐಎನ್ ಸಂಖ್ಯೆ ಇದೆಯೇ? ಒಟ್ಟು ಎಷ್ಟು ನೌಕರರು, ವರ್ಷದ ಆದಾಯ ಎಷ್ಟು? ಸ್ಪಾನ್ಸರ್‌ಗೆ ಹೊಸದಾದ ಹೋಸ್ಟ್‌ನಲ್ಲಿ 25ಕ್ಕಿಂತ ಕಡಿಮೆ ನೌಕರರಿದ್ದರೆ ಅಥವಾ ಆದಾಯ 30 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ಸ್ಪಾನ್ಸರ್ ಸ್ಥಳಕ್ಕೇ ಬಂದು ಪರಿಶೀಲಿಸಬೇಕು. ಕಾರ್ಮಿಕ ಸಂಬಂಧದ ಸಲಹಾ ಕಚೇರಿಗಳಲ್ಲಿ ನಾಲ್ಕೈದು ಜನರಷ್ಟೇ ಇರುವಂಥವೂ ಇವೆ. ಅಂಥ ಕಡೆ ಈ ಭೇಟಿಗೂ ಅದರ ಶುಲ್ಕಕ್ಕೂ ಹೆಚ್ಚಿನ ಸಮಯ ಇಟ್ಟುಕೊಳ್ಳಿ.

ಕ್ಲೈಂಟ್ ಸೈಟಿನ ತೊಡಕು

ಸಲಹೆಗಾರರ ಕೆಲಸ ಕಚೇರಿಯಲ್ಲಿ ಮುಗಿಯುವುದಿಲ್ಲ. ಇವತ್ತು ಓಹಾಯೋದ ಕಾರ್ಖಾನೆ, ಮುಂದಿನ ವಾರ ಟೆನೆಸಿಯ ಗೋದಾಮು. ಜೆ-1 ತರಬೇತಿಯಾದರೋ ಹೆಸರಿಸಿದ ಜಾಗದಲ್ಲಿ, ಹೆಸರಿಸಿದ ಮೇಲ್ವಿಚಾರಕರ ಕಣ್ಣೆದುರು ನಡೆಯಬೇಕು. ಟ್ರೈನಿಯನ್ನು ಒಬ್ಬಂಟಿಯಾಗಿ ಗ್ರಾಹಕರ ಕಡೆ ಕಳುಹಿಸಿದರೆ ಅದು ಸಿಬ್ಬಂದಿ ಪೂರೈಕೆಯ ವ್ಯವಹಾರದಂತೆ ಕಾಣುತ್ತದೆ. ಮ್ಯಾನ್‌ಪವರ್ ಏಜೆನ್ಸಿಗಳ ಮೂಲಕ ಟ್ರೈನಿಗಳನ್ನು ಇಡುವುದಕ್ಕೆ ನಿಯಮಗಳಲ್ಲಿ ಅಡ್ಡಿಯಿದೆ. ಆದ್ದರಿಂದ ಮುಖ್ಯ ಕಚೇರಿಯನ್ನೇ ತರಬೇತಿಯ ಜಾಗವೆಂದು ಬರೆಯಿಸಿ. ಗ್ರಾಹಕರ ಭೇಟಿಗಳು ಮೇಲ್ವಿಚಾರಕರ ಜತೆಯಲ್ಲಿ, ನೋಡಿ ಕಲಿಯುವುದಕ್ಕಾಗಿ ಮಾತ್ರ ಎಂದು ಯೋಜನೆಯಲ್ಲೇ ಸ್ಪಷ್ಟವಾಗಿರಲಿ. ಮುಷ್ಕರ ನಡೆಯುತ್ತಿರುವ ಕಡೆ ಮುಷ್ಕರದಲ್ಲಿರುವವರ ಕೆಲಸಕ್ಕೆ ನಿಮ್ಮನ್ನು ನಿಲ್ಲಿಸಿದರೆ ಒಪ್ಪಬೇಡಿ, ಕೂಡಲೇ ಸ್ಪಾನ್ಸರ್‌ಗೆ ತಿಳಿಸಿ. ಟ್ರೈನಿಗಳು ಅಲ್ಲಿನ ಕೆಲಸಗಾರರ ಜಾಗ ತುಂಬುವಂತಿಲ್ಲ.

ಡಿಎಸ್-7002: ಎಲ್ಲವೂ ಇದರ ಮೇಲೆ ನಿಂತಿದೆ

ತರಬೇತಿ ಯೋಜನೆಯ ಈ ನಮೂನೆಯನ್ನು ಹೋಸ್ಟ್ ಕಂಪನಿ ಬರೆಯಬೇಕು ಎಂಬುದು ಕ್ರಮ. ಆದರೆ ಅವರು ಸಿದ್ಧವಾಗಿರುವ ಉದ್ಯೋಗ ವಿವರಣೆಯನ್ನೇ ಅಂಟಿಸಿ ಕಳುಹಿಸುವ ಅಪಾಯವಿದೆ. 'ಗ್ರಾಹಕರಿಗೆ ಸಲಹೆ ನೀಡುವುದು, ವರದಿ ತಯಾರಿಸುವುದು' ಎಂದಿದ್ದರೆ ಅದು ನೌಕರಿ. ಜೆ-1ನ್ನು ಮಾಮೂಲು ನೌಕರಿಗೆ ಬಳಸುವುದನ್ನು ನಿಯಮ ಸಾರಾಸಗಟಾಗಿ ನಿಷೇಧಿಸಿದೆ. ಹಾಗಾಗಿ ಕರಡನ್ನು ಅವರ ಜತೆ ಕುಳಿತು ನೀವೂ ರೂಪಿಸಿ.

ಮರೆಯಬಾರದ ಅಳತೆಗಳು: ವಾರಕ್ಕೆ ಕನಿಷ್ಠ 32 ಗಂಟೆ. ಗುಮಾಸ್ತಿಕೆ ಶೇ 20 ಮೀರುವಂತಿಲ್ಲ. ಟ್ರೈನಿಯ ಯೋಜನೆಯನ್ನು ಹಂತಗಳಾಗಿ ಒಡೆಯಲೇಬೇಕು. ಪ್ರತಿ ಹಂತಕ್ಕೂ ದಿನಾಂಕ, ಮೇಲ್ವಿಚಾರಕರ ಹೆಸರು ಮತ್ತು ಅರ್ಹತೆ, ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಎಂಬುದು ಇರಬೇಕು. ಎರಡು ಹಂತಗಳಲ್ಲಿ ಒಂದೇ ಪಠ್ಯವಿದ್ದರೆ ವಾಪಸು ಬರುವುದು ಖಂಡಿತ ಎಂದೇ ತಿಳಿಯಿರಿ.

12 ತಿಂಗಳ ಯೋಜನೆಯೊಂದನ್ನು ಹೀಗೆ ಹಾಕಬಹುದು.

ಮೊದಲ 3 ತಿಂಗಳು ಕಾನೂನಿನ ಬುನಾದಿ: 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ, 1947ರ ಟಾಫ್ಟ್-ಹಾರ್ಟ್ಲಿ ತಿದ್ದುಪಡಿ, ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಅಂದರೆ ಎನ್‌ಎಲ್‌ಆರ್‌ಬಿ ಯೂನಿಯನ್ ಚುನಾವಣೆ ನಡೆಸುವ ಬಗೆ. ಚುನಾವಣೆ ಕೇಳಲು ಕನಿಷ್ಠ ಶೇ 30 ಕಾರ್ಮಿಕರ ಬೆಂಬಲ ತೋರಿಸಬೇಕೆಂಬ ಷರತ್ತು, ಅನ್ಯಾಯದ ಕಾರ್ಮಿಕ ಪದ್ಧತಿಯ ದೂರುಗಳು. ಅಳತೆ: ಮಂಡಳಿಯ 10 ತೀರ್ಪುಗಳ ಲಿಖಿತ ಸಾರಾಂಶ.

ಮುಂದಿನ 4 ತಿಂಗಳು ಸಾಮೂಹಿಕ ಚೌಕಾಸಿ. ಜಾರಿಯಲ್ಲಿರುವ ಒಪ್ಪಂದಗಳನ್ನು ಕಲಮು ಕಲಮಾಗಿ ಹೋಲಿಸುವುದು, ವೇತನ ಮತ್ತು ಆರೋಗ್ಯ ವಿಮೆಯ ಪ್ರಸ್ತಾವಗಳಿಗೆ ವೆಚ್ಚದ ಲೆಕ್ಕ ಹಾಕುವುದು, ಚೌಕಾಸಿಯ ಮೇಜಿನ ಹಿಂದೆ ಕುಳಿತು ಟಿಪ್ಪಣಿ ತೆಗೆಯುವುದು. ನಮ್ಮಲ್ಲಿ ಆರೋಗ್ಯ ವಿಮೆ ಚೌಕಾಸಿಯ ದೊಡ್ಡ ವಿಷಯವಾಗುವುದು ಅಪರೂಪ, ಅಲ್ಲಿ ಅದೇ ಮುಖ್ಯ ಜಗಳ. ಹೊಸತಾಗಿ ಕಲಿಯುವುದು ಇದೆ ಎಂದು ತೋರಿಸಲು ಇಂಥ ವ್ಯತ್ಯಾಸಗಳೇ ಆಧಾರ.

ಆಮೇಲಿನ 3 ತಿಂಗಳು ದೂರು ಮತ್ತು ಮಧ್ಯಸ್ಥಿಕೆ: ಶಿಸ್ತು ಕ್ರಮಕ್ಕೆ ನ್ಯಾಯವಾದ ಕಾರಣವಿತ್ತೇ ಎಂದು ಒರೆಗೆ ಹಚ್ಚುವ ವಿಧಾನ, ವಿಚಾರಣೆಯಲ್ಲಿ ಯೂನಿಯನ್ ಪ್ರತಿನಿಧಿಯನ್ನು ಕರೆಸಿಕೊಳ್ಳಲು ಕಾರ್ಮಿಕರಿಗಿರುವ, 1975ರ ವೈನ್‌ಗಾರ್ಟನ್ ತೀರ್ಪಿನಿಂದ ಗಟ್ಟಿಯಾದ ಹಕ್ಕು, ಫೆಡರಲ್ ಸಂಧಾನ ಸೇವೆಯಿಂದ ಮಧ್ಯಸ್ಥಗಾರರ ಪಟ್ಟಿ ಪಡೆಯುವ ರೀತಿ. ಕೊನೆಯ 2 ತಿಂಗಳು ಒಂದು ಅಧ್ಯಯನ ವರದಿ: ಭಾರತದ ಸಂಧಾನ ಪದ್ಧತಿಗೂ ಅಮೆರಿಕದ ಖಾಸಗಿ ಮಧ್ಯಸ್ಥಿಕೆಗೂ ಹೋಲಿಕೆ.

ಇನ್ನೊಂದು ಇಕ್ಕಟ್ಟಿದೆ. ತರಬೇತಿ ನಿಮ್ಮ ಕ್ಷೇತ್ರದ್ದೇ ಆಗಿರಬೇಕು, ಆದರೆ ನಿಮಗೆ ಈಗಾಗಲೇ ಬರುವುದನ್ನೇ ಮತ್ತೆ ಕಲಿಸುವಂತಿರಬಾರದು. ಎಂಟು ಹತ್ತು ವರ್ಷ ಅನುಭವವಿರುವವರು ಎಡವುವುದು ಇಲ್ಲೇ. 'ಚೌಕಾಸಿ ಕಲಿಯುವುದು' ಎಂದು ಬರೆದರೆ ಅವರ ರೆಸ್ಯೂಮೆಯೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. 'ಅಮೆರಿಕದ ಕಾನೂನಿನಡಿ ಆರೋಗ್ಯ ವಿಮೆಯ ಚೌಕಾಸಿ' ಎಂದು ಕಿರಿದುಗೊಳಿಸಿದರೆ ದಾರಿ ಸಿಗುತ್ತದೆ.

ಈಗ ಸ್ಪಾನ್ಸರ್

ವಿದೇಶಾಂಗ ಇಲಾಖೆಯ ಜೆ-1 ಜಾಲತಾಣದಲ್ಲಿ ಅಧಿಕೃತ ಸ್ಪಾನ್ಸರ್‌ಗಳ ಪಟ್ಟಿಯಿದೆ. ಇಂಟರ್ನ್ ಅಥವಾ ಟ್ರೈನಿ ಎಂದು ಆರಿಸಿ ನೋಡಿ. ಪ್ರತಿ ಸ್ಪಾನ್ಸರ್‌ಗೂ ಕೆಲವು ವೃತ್ತಿ ವಿಭಾಗಗಳಿಗೆ ಮಾತ್ರ ಅನುಮತಿ ಇರುತ್ತದೆ. ಸಲಹಾ ಕೆಲಸಕ್ಕೆ 'ಆಡಳಿತ, ವ್ಯವಹಾರ, ವಾಣಿಜ್ಯ ಮತ್ತು ಹಣಕಾಸು' ವಿಭಾಗ ಒಪ್ಪುತ್ತದೆ. ಕಾನೂನು ಕಚೇರಿಯಾದರೆ 'ಸಾರ್ವಜನಿಕ ಆಡಳಿತ ಮತ್ತು ಕಾನೂನು' ವಿಭಾಗ ಬೇಕಾಗಬಹುದು. ಪಟ್ಟಿಯಲ್ಲಿ ಹೆಸರಿಲ್ಲದ ಯಾರೇ ಆಗಲಿ ಡಿಎಸ್-2019 ಕೊಡಿಸುತ್ತೇನೆ ಎಂದರೆ ಅವರು ನಡುವಿನ ದಲ್ಲಾಳಿ ಮಾತ್ರ. ಸ್ಪಾನ್ಸರ್‌ಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು.

ಎರಡು ಮೂರು ಸ್ಪಾನ್ಸರ್‌ಗಳಿಗೆ ಬರೆದು ಕೇಳಿ: ಈ ಕ್ಷೇತ್ರದ ಯೋಜನೆ ಪರಿಗಣಿಸುತ್ತೀರಾ, ಸಣ್ಣ ಕಚೇರಿಯ ಭೇಟಿಗೆ ಎಷ್ಟು ದಿನ, ವೀಸಾ ನಿರಾಕರಣೆಯಾದರೆ ಎಷ್ಟು ಹಣ ವಾಪಸು, ಗಂಡ ಅಥವಾ ಹೆಂಡತಿಗೆ ಜೆ-2 ಪತ್ರ ಕೊಡುತ್ತೀರಾ. ಇಂಗ್ಲಿಷ್ ತಿಳಿವಳಿಕೆಯನ್ನು ಪರೀಕ್ಷೆಯ ಅಂಕ, ಕಾಲೇಜಿನ ದಾಖಲೆ, ಇಲ್ಲವೇ ಸ್ಪಾನ್ಸರ್ ನಡೆಸುವ ಸಂದರ್ಶನದ ಮೂಲಕ ತೋರಿಸಬಹುದು. ಇದಕ್ಕೆಂದೇ ಐಇಎಲ್‌ಟಿಎಸ್ ಬರೆಯಬೇಕಾಗಿಲ್ಲ.

ಶುರುವಾಗುವ ದಿನಕ್ಕಿಂತ 5 ತಿಂಗಳು ಮೊದಲೇ ಸ್ಪಾನ್ಸರ್ ಬಾಗಿಲು ತಟ್ಟುವುದು ಕ್ಷೇಮ.

ಹಣದ ಲೆಕ್ಕ

ಸ್ಪಾನ್ಸರ್ ಶುಲ್ಕ ಅವಧಿಯ ಮೇಲೆ ಏರುತ್ತದೆ. 12 ತಿಂಗಳಿಗೆ ಸಾವಿರ ಡಾಲರ್‌ಗಿಂತ ಹೆಚ್ಚೇ ಎಂದು ತೆಗೆದಿಡಿ. ಸೆವಿಸ್ ಅಂದರೆ ವಿದೇಶಿ ವಿದ್ಯಾರ್ಥಿಗಳ ಮತ್ತು ವಿನಿಮಯ ಕಾರ್ಯಕ್ರಮದವರ ಸರ್ಕಾರಿ ದಾಖಲೆ ವ್ಯವಸ್ಥೆಯ ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. 2025ರ ಜುಲೈನಲ್ಲಿ ಆದ ಕಾನೂನಿನಲ್ಲಿ ಇನ್ನೂ 250 ಡಾಲರ್‌ಗಳ ವೀಸಾ ಇಂಟೆಗ್ರಿಟಿ ಶುಲ್ಕವಿದೆ, ಅದನ್ನೂ ಬದಿಗಿಟ್ಟುಕೊಳ್ಳಿ. ವಿಮೆ ಕಡ್ಡಾಯ: ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 1 ಲಕ್ಷ ಡಾಲರ್, ವೈದ್ಯಕೀಯ ಸ್ಥಳಾಂತರಕ್ಕೆ 50,000, ಮೃತದೇಹ ಸಾಗಣೆಗೆ 25,000, ನೀವು ಕೈಯಿಂದ ಭರಿಸುವ ಪಾಲು 500 ಡಾಲರ್ ಮೀರಬಾರದು. ಊರಲ್ಲಿ ಕೊಳ್ಳುವ ಅಗ್ಗದ ಪ್ರವಾಸ ವಿಮೆ ಈ ಅಳತೆ ಮುಟ್ಟದಿದ್ದರೆ ದುಡ್ಡು ದಂಡ. ಅನೇಕ ಸ್ಪಾನ್ಸರ್‌ಗಳು ವಿಮೆಯನ್ನು ತಾವೇ ಸೇರಿಸಿರುತ್ತಾರೆ, ಎರಡು ಸಲ ಕೊಳ್ಳಬೇಡಿ.

ಕೊಡುವ ಭತ್ಯೆ ಎಷ್ಟೆಂಬುದು ಡಿಎಸ್-7002ರಲ್ಲಿ ಬರೆದಿರಬೇಕು. ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ, ಹಲವು ರಾಜ್ಯಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು. ಒಪ್ಪುವ ಮುನ್ನ ಆ ಊರಿನ ಮನೆ ಬಾಡಿಗೆ ನೋಡಿ.

ವೀಸಾ ಸಂದರ್ಶನ

ಡಿಎಸ್-2019 ಬಂದ ಮೇಲೆ ಮೊದಲು ಅದರಲ್ಲಿರುವ ಹೆಸರನ್ನು ಪಾಸ್‌ಪೋರ್ಟ್ ಜತೆ ಅಕ್ಷರ ಅಕ್ಷರ ಹೋಲಿಸಿ. ಇನಿಷಿಯಲ್ ಬಿಡಿಸುವುದರಲ್ಲಿ, ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗುವುದರಲ್ಲಿ ನಮ್ಮವರಿಗೆ ಗೊಂದಲ ಜಾಸ್ತಿ. ಬಳಿಕ ಸೆವಿಸ್ ಶುಲ್ಕ, ಡಿಎಸ್-160 ಎಂಬ ವೀಸಾ ಅರ್ಜಿ, ಸಂದರ್ಶನದ ದಿನಾಂಕ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು ವೀಸಾ ಸೇವೆಯಿಲ್ಲದೆ, ಹಾಗಾಗಿ ಚೆನ್ನೈ ಅಥವಾ ಹೈದರಾಬಾದಿನ ಪ್ರಯಾಣವನ್ನು ಲೆಕ್ಕದಲ್ಲಿಡಿ. 2025ರ ಜೂನ್‌ನಿಂದ ಜೆ ವೀಸಾ ಅರ್ಜಿದಾರರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ಇಡಬೇಕು.

ಅಧಿಕಾರಿಗೆ ಬೇಕಾದದ್ದು ಎರಡು ಉತ್ತರ: ಅಲ್ಲಿ ಏನು ಕಲಿಯುತ್ತೀರಿ, ಮರಳಿ ಬಂದು ಅದನ್ನು ಎಲ್ಲಿ ಬಳಸುತ್ತೀರಿ. ಡಿಎಸ್-7002ರ ಹಂತಗಳನ್ನು ನೋಡದೆ ಹೇಳಲು ಬರಬೇಕು. 'ಅನುಭವಕ್ಕಾಗಿ ಹೋಗುತ್ತೇನೆ' ಎಂಬ ಉತ್ತರ 214(ಬಿ), ಅಂದರೆ ಮರಳಿ ಬರುತ್ತೀರೆಂಬ ನಂಬಿಕೆ ಬಾರದ ಕಾರಣಕ್ಕೆ ಆಗುವ ನಿರಾಕರಣೆಗೆ ಹತ್ತಿರದ ದಾರಿ. ಹೊಸ ಸಂಹಿತೆಯಿಂದ ಇಲ್ಲಿನ ಕಾರ್ಖಾನೆಗಳಿಗೆ ಚೌಕಾಸಿ ಬಲ್ಲವರು ಬೇಕಾಗಿದ್ದಾರೆ ಎಂದು ನಿಮ್ಮ ಕೆಲಸದ ಉದಾಹರಣೆಯಿಂದ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಜೆ-1 ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ 212(ಇ) ನಿಯಮದ ಬಗ್ಗೆ ಹಳೆಯ ಮಾಹಿತಿ ಇನ್ನೂ ಓಡಾಡುತ್ತಿದೆ. ಯಾವ ದೇಶದ, ಯಾವ ಕ್ಷೇತ್ರದವರಿಗೆ ಈ ನಿಯಮ ಎಂದು ಹೇಳುವ ಕೌಶಲ ಪಟ್ಟಿಯನ್ನು 2024ರ ಡಿಸೆಂಬರ್ 9ರಂದು ಪರಿಷ್ಕರಿಸಿದ್ದಾರೆ, ಅದರಲ್ಲಿ ಭಾರತ ಇಲ್ಲ. ಸರ್ಕಾರದ ಹಣದಿಂದ ಹೋದವರಿಗೆ ಆ ನಿಯಮ ಈಗಲೂ ಅನ್ವಯಿಸುತ್ತದೆ. ಆದರೆ ಇದರ ಜತೆ ಬೆರೆಸಬಾರದ ಇನ್ನೊಂದಿದೆ: ಟ್ರೈನಿಯಾಗಿ ಮುಗಿಸಿದವರು ಮತ್ತೆ ಟ್ರೈನಿಯಾಗಿ ಹೋಗಬೇಕಾದರೆ 2 ವರ್ಷ ಅಮೆರಿಕದ ಹೊರಗಿರಬೇಕು. ಅದು ಬದಲಾಗಿಲ್ಲ.

ತಲುಪಿದ ಮೇಲೆ

ಕಾರ್ಯಕ್ರಮದ ದಿನಕ್ಕಿಂತ 30 ದಿನ ಮೊದಲು ಅಮೆರಿಕ ಪ್ರವೇಶಿಸಬಹುದು, ಮುಗಿದ ಮೇಲೆ 30 ದಿನ ಉಳಿಯಬಹುದು, ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ. ತಲುಪಿದ ಕೂಡಲೇ ವಿಳಾಸವನ್ನು ಸ್ಪಾನ್ಸರ್‌ಗೆ ತಿಳಿಸಿ. ಆರಂಭದ ದಿನದಿಂದ 30 ದಿನದೊಳಗೆ ಅವರು ನಿಮ್ಮ ದಾಖಲೆಯನ್ನು ಸೆವಿಸ್‌ನಲ್ಲಿ ದೃಢಪಡಿಸಬೇಕು. ಮನೆ ಬದಲಿಸಿದರೆ 10 ದಿನದೊಳಗೆ ಹೇಳಬೇಕು. 6 ತಿಂಗಳಿಗಿಂತ ದೊಡ್ಡ ತರಬೇತಿಗೆ ನಡುವೆ ಒಂದು, ಕೊನೆಗೆ ಒಂದು ಮೌಲ್ಯಮಾಪನವಿದೆ. ಎರಡಕ್ಕೂ ನೀವೂ ಮೇಲ್ವಿಚಾರಕರೂ ಸಹಿ ಹಾಕಬೇಕು. ಮೇಲ್ವಿಚಾರಕರು ಕೆಲಸ ಬಿಟ್ಟರೆ, ಹಂತಗಳು ಬದಲಾದರೆ, ಜಾಗ ಬದಲಾದರೆ ಮೊದಲು ಸ್ಪಾನ್ಸರ್ ಒಪ್ಪಿಗೆ, ನಂತರ ಬದಲಾವಣೆ.

ಮೊದಲ ಸಂಬಳದ ಚೀಟಿಯನ್ನು ಗಮನವಿಟ್ಟು ನೋಡಿ. ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾಗಿರುವ ಜೆ-1 ಟ್ರೈನಿಗಳಿಂದ, ಸಾಮಾನ್ಯವಾಗಿ ಮೊದಲ ಎರಡು ಕ್ಯಾಲೆಂಡರ್ ವರ್ಷಗಳಲ್ಲಿ, ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಎಂದು ಶೇ 7.65 ಕಡಿಯುವಂತಿಲ್ಲ. ಸಣ್ಣ ಕಚೇರಿಗಳ ವೇತನ ತಂತ್ರಾಂಶ ಎಲ್ಲರಿಗೂ ಕಡಿದಂತೆ ನಿಮಗೂ ಕಡಿದಿರಬಹುದು. ಆಗಲೇ ತೋರಿಸಿದರೆ ಹೋಸ್ಟ್ ಕಂಪನಿಯೇ ಸರಿಪಡಿಸಿ ಹಣ ಹಿಂದಿರುಗಿಸಬಹುದು. ವರ್ಷ ಕಳೆದ ಮೇಲೆ ತೆರಿಗೆ ಇಲಾಖೆಯಿಂದ ಬಿಡಿಸಿಕೊಳ್ಳುವುದು ಉದ್ದದ ಕೆಲಸ. ಮುಂದಿನ ಏಪ್ರಿಲ್ 15ರೊಳಗೆ ಅನಿವಾಸಿಗಳ ತೆರಿಗೆ ಲೆಕ್ಕದ 1040-ಎನ್‌ಆರ್ ಮತ್ತು ಅದರ ಜತೆ 8843 ನಮೂನೆ ಸಲ್ಲಿಸಬೇಕು. ಅಷ್ಟರಲ್ಲಿ ನೀವು ಊರಿಗೆ ಮರಳಿದ್ದರೂ ಇದು ತಪ್ಪುವುದಿಲ್ಲ. ಹೊರಡುವ ಮುನ್ನ, ವರ್ಷದ ಸಂಬಳ ಮತ್ತು ತೆರಿಗೆ ಕಡಿತ ತೋರಿಸುವ ಡಬ್ಲ್ಯು-2 ಪತ್ರ ಕಳುಹಿಸಲು ಬೆಂಗಳೂರಿನ ವಿಳಾಸವನ್ನೋ ಇಮೇಲನ್ನೋ ಹೋಸ್ಟ್ ಕಂಪನಿಗೆ ಕೊಟ್ಟು ಬನ್ನಿ.